ಬಿಗಿ ಮಾಡಬೇಡಿ, ಬದಲಾಯಿಸಿ

ಕಳೆದ ತಿಂಗಳು ಟೈರಿನ ಗಾಳಿಯ ಬಗ್ಗೆ ಬರೆದ ಮೇಲೆ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಹಲವು ಅಂಕಲ್, ಆಂಟಿಯರು ಒಂದೇ ಪ್ರಶ್ನೆ ಕೇಳಿದರು: “ಕಾರಿನ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ? ಅಷ್ಟು ಸುಲಭವಾ?” ಬದಲಾಯಿಸಬಹುದು. ದೊಡ್ಡವರೊಬ್ಬರು ಜೊತೆಗಿದ್ದರೆ ಹೈಸ್ಕೂಲಿನ ಮಕ್ಕಳೂ ಮಾಡಬಹುದು. ಒಂದು ಗಂಟೆಯ ಕೆಲಸ. ಆದರೆ ಆ ಒಂದು ಗಂಟೆಯಲ್ಲಿ ಕೈಗೆ ಬರುವ ಅತಿ ಚಿಕ್ಕ ವಸ್ತುವಿನ ಬಗ್ಗೆಯೇ ಜನ ಅತಿ ಕಡಿಮೆ ಯೋಚಿಸುತ್ತಾರೆ. ಈ ತಿಂಗಳು ಅದರದೇ ಕಥೆ.

ಅದರ ಹೆಸರು ಡ್ರೈನ್ ಪ್ಲಗ್ ವಾಷರ್. ನೋಡಲು ಉದ್ದಿನ ವಡೆಯ ಹಾಗೆ, ನಡುವೆ ತೂತು. ಗಾತ್ರ ಮಾತ್ರ ಒಂದು ನಿಕಲ್ ನಾಣ್ಯದಷ್ಟು. ಬೆಲೆ ಸಾಮಾನ್ಯವಾಗಿ ಒಂದೆರಡು ಡಾಲರ್, ಹತ್ತರ ಪ್ಯಾಕೆಟ್ ತಂದರೆ ಅದಕ್ಕಿಂತ ಕಡಿಮೆ. ಇದನ್ನು ಬದಲಾಯಿಸದೆ ಬಿಟ್ಟರೆ ಏನಾಗುತ್ತದೆ, ಬದಲಾಯಿಸಿದರೆ ನಮ್ಮ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದು ಗೊತ್ತಾದರೆ ಆಯಿಲ್ ಬದಲಾಯಿಸುವ ಕೆಲಸದ ಅರ್ಧ ಪಾಠ ಮುಗಿದಂತೆ.

ಕುಕ್ಕರ್, ನಲ್ಲಿ, ಕಾರು

ಇಂಜಿನ್ನಿನ ಅಡಿಯಲ್ಲಿ ಒಂದು ತಟ್ಟೆ ಇರುತ್ತದೆ. ಹೆಸರು ಆಯಿಲ್ ಪ್ಯಾನ್. ಕಾರು ನಿಂತಾಗ ಇಂಜಿನ್ನಿನ ಎಣ್ಣೆಯೆಲ್ಲ ಹರಿದು ಬಂದು ಇಲ್ಲಿ ನಿಲ್ಲುತ್ತದೆ. ಸಾಮಾನ್ಯ ಮನೆ ಕಾರಿನಲ್ಲಿ ನಾಲ್ಕೈದು ಕ್ವಾರ್ಟ್ ಇರಬಹುದು. ಒಂದು ಕ್ವಾರ್ಟ್ ಅಂದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಈ ತಟ್ಟೆಯ ಕೆಳಭಾಗದಲ್ಲಿ ಒಂದು ತೂತು, ಆ ತೂತಿಗೆ ಒಂದು ಬೋಲ್ಟ್. ಅದೇ ಡ್ರೈನ್ ಪ್ಲಗ್. ಬೋಲ್ಟಿನ ತಲೆಗೂ ತಟ್ಟೆಗೂ ನಡುವೆ ಕೂರುವುದೇ ವಾಷರ್.

ಬೋಲ್ಟಿಗೆ ಥ್ರೆಡ್ ಇದೆ, ಗಟ್ಟಿಯಾಗಿ ತಿರುಗಿಸಿದರೆ ಎಣ್ಣೆ ನಿಲ್ಲಬೇಕಲ್ಲ, ವಾಷರ್ ಯಾಕೆ ಎಂದು ನೀವು ಕೇಳಬಹುದು. ಥ್ರೆಡ್‌ನ ಸುರುಳಿಯ ನಡುವೆ ಯಾವಾಗಲೂ ಒಂದು ಸಣ್ಣ ಸಂದು ಇರುತ್ತದೆ. ಇಲ್ಲದಿದ್ದರೆ ಬೋಲ್ಟ್ ತಿರುಗುವುದೇ ಇಲ್ಲ. ಎಣ್ಣೆ ಆ ಸಂದಿನಲ್ಲಿ ಮೆಟ್ಟಿಲಿಳಿದ ಹಾಗೆ ಸುತ್ತಿ ಸುತ್ತಿ ಹೊರಗೆ ಬರುತ್ತದೆ. ಬೋಲ್ಟಿನ ತಲೆ ತಟ್ಟೆಗೆ ತಾಗುವ ಜಾಗವಾದರೂ ನುಣುಪಾಗಿದೆಯೇ? ಕಣ್ಣಿಗೆ ನುಣುಪು, ಆದರೆ ಹತ್ತಿರದಿಂದ ನೋಡಿದರೆ ಲೋಹದ ಮೈಯೆಲ್ಲ ಗುಡ್ಡ, ಕಣಿವೆ. ಎರಡು ಗಟ್ಟಿ ಲೋಹಗಳು ಎದುರಾದರೆ ಗುಡ್ಡಕ್ಕೆ ಗುಡ್ಡ ತಾಗಿ, ಕಣಿವೆಗಳಲ್ಲಿ ಎಣ್ಣೆಗೆ ದಾರಿ ಸಿಗುತ್ತದೆ.

ವಾಷರ್ ಮೆತ್ತನೆಯದು. ಬಿಗಿ ಮಾಡಿದಾಗ ಅದು ತಾನು ಅಪ್ಪಚ್ಚಿಯಾಗಿ ಎರಡೂ ಕಡೆಯ ಕಣಿವೆಗಳನ್ನು ತುಂಬುತ್ತದೆ. ಅಂದರೆ ಕೆಲಸ ಹಂಚಿಕೆಯಾಗಿದೆ: ಥ್ರೆಡ್ ಹಿಡಿದಿಡುತ್ತದೆ, ವಾಷರ್ ತಡೆಯುತ್ತದೆ.

ಅಮ್ಮಂದಿರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಕುಕ್ಕರಿನ ಗ್ಯಾಸ್ಕೆಟ್ ಹಳತಾದರೆ ವಿಷಲ್ ಬರುವುದಿಲ್ಲ, ಮುಚ್ಚಳದ ಅಂಚಿನಿಂದ ಬುಸ್ ಎಂದು ಹಬೆ ಬರುತ್ತದೆ. ಆಗ ಯಾರೂ ಮುಚ್ಚಳಕ್ಕೆ ಸುತ್ತಿಗೆಯಲ್ಲಿ ಹೊಡೆಯುವುದಿಲ್ಲ, ಗ್ಯಾಸ್ಕೆಟ್ ಬದಲಾಯಿಸುತ್ತಾರೆ. ಅಷ್ಟೇ ವಿಷಯ. ಒಂದು ವ್ಯತ್ಯಾಸವಿದೆ. ಕುಕ್ಕರಿನ ಗ್ಯಾಸ್ಕೆಟ್ ರಬ್ಬರು, ಒತ್ತಿದರೆ ಕುಗ್ಗಿ ಬಿಟ್ಟರೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅದಕ್ಕೇ ನೂರಾರು ಸಲ ಅನ್ನ ಮಾಡಬಹುದು. ಕಾರಿನ ಲೋಹದ ವಾಷರ್ ಒಮ್ಮೆ ಅಪ್ಪಚ್ಚಿಯಾದರೆ ಹಾಗೆಯೇ ಉಳಿಯುತ್ತದೆ. ಜೊತೆಗೆ ಒತ್ತಡಕ್ಕೆ ಸಿಕ್ಕ ಲೋಹ ಮೊದಲಿಗಿಂತ ಗಟ್ಟಿಯಾಗಿಬಿಡುತ್ತದೆ. ಮುಂದಿನ ಸಲ ಅದನ್ನೇ ಹಾಕಿದರೆ ಹಳೆಯ ಗುಡ್ಡ ಕಣಿವೆಗಳಿಗೆ ಅದು ಮತ್ತೆ ಸರಿಯಾಗಿ ಕೂರಲಾರದು.

ಬಲ ಪ್ರಯೋಗ ಎಲ್ಲಿಂದ ಶುರುವಾಗುತ್ತದೆ

ಊರಿನಲ್ಲಿ ಅಜ್ಜಿಯ ಮನೆಯ ಹಿತ್ತಲ ನಲ್ಲಿ ನೆನಪಿಸಿಕೊಳ್ಳಿ. ನೀರು ತೊಟ್ಟಿಕ್ಕುತ್ತದೆ. ಒಬ್ಬರು ಬಂದು ಗಟ್ಟಿಯಾಗಿ ತಿರುಗಿಸುತ್ತಾರೆ. ಎರಡು ದಿನ ನಿಲ್ಲುತ್ತದೆ, ಮತ್ತೆ ಶುರು. ಇನ್ನೊಬ್ಬರು ಇನ್ನೂ ಗಟ್ಟಿಯಾಗಿ ತಿರುಗಿಸುತ್ತಾರೆ. ಕೊನೆಗೆ ನಲ್ಲಿ ತೆರೆಯಲು ಮನೆಯ ಅತಿ ಬಲಶಾಲಿಯನ್ನೇ ಕರೆಯಬೇಕು. ಪ್ಲಂಬರ್ ಬಂದು ಒಳಗಿನ ವಾಷರ್ ಬದಲಾಯಿಸಿದ ಮೇಲೆ ಎರಡು ಬೆರಳಿನಲ್ಲಿ ತಿರುಗಿಸಿದರೂ ನೀರು ನಿಲ್ಲುತ್ತದೆ.

ಕಾರಿನಲ್ಲೂ ಇದೇ ನಡೆಯುತ್ತದೆ. ನಮಗೆ ಪರಿಚಯದ ಅಂಕಲ್ ಒಬ್ಬರು ಪ್ರತಿ ಸಲವೂ ಒಂದು ಅಂಗಡಿಯಲ್ಲಿ ಆಯಿಲ್ ಬದಲಾಯಿಸುತ್ತಿದ್ದರು. ಅಲ್ಲಿ ಹಳೆಯ ವಾಷರನ್ನೇ ಮತ್ತೆ ಮತ್ತೆ ಹಾಕಿದ್ದರು. ಗ್ಯಾರೇಜಿನ ನೆಲದ ಮೇಲೆ ಚುಕ್ಕೆ ಕಾಣಿಸಿತು. ವಾಪಸ್ ಹೋದರು, ಅವರು ಇನ್ನಷ್ಟು ಬಿಗಿ ಮಾಡಿ ಕಳಿಸಿದರು. ಚುಕ್ಕೆ ನಿಂತಿತು. ಮುಂದಿನ ಆಯಿಲ್ ಚೇಂಜ್ ಆದ ಮೇಲೆ ಮತ್ತೆ ಚುಕ್ಕೆ, ಮತ್ತೆ ಬಿಗಿ. ಒಂದು ದಿನ ಬೋಲ್ಟ್ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತತೊಡಗಿತು, ಹಿಡಿತ ಸಿಗಲೇ ಇಲ್ಲ. ಆ ಕಾರಿನ ಆಯಿಲ್ ಪ್ಯಾನ್ ಅಲ್ಯೂಮಿನಿಯಮ್, ಬೋಲ್ಟ್ ಉಕ್ಕು. ಉಕ್ಕು ಗೆದ್ದಿತು, ಅಲ್ಯೂಮಿನಿಯಮ್‌ನ ಥ್ರೆಡ್ ಕಿತ್ತುಬಂತು. ಹೊಸ ಪ್ಯಾನ್, ಕೂಲಿ ಎಲ್ಲ ಸೇರಿ 600 ಡಾಲರ್ ದಾಟಿದ ಬಿಲ್ಲು. ಒಂದೆರಡು ಡಾಲರಿನ ವಾಷರ್ ಉಳಿಸಿದ್ದರ ಫಲ ಇದು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಡ್ರೈನ್ ಪ್ಲಗ್ ಇರುವ ಜಾಗದಲ್ಲಿ ಎಣ್ಣೆಯ ಒತ್ತಡ ಬಹಳ ಕಡಿಮೆ. ಆಯಿಲ್ ಪಂಪ್ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುವುದು ಫಿಲ್ಟರಿಗೆ ಮತ್ತು ಇಂಜಿನ್ನಿನ ಒಳಗಿನ ದಾರಿಗಳಿಗೆ. ಕೆಳಗಿನ ತಟ್ಟೆಯಲ್ಲಿ ಎಣ್ಣೆ ಸುಮ್ಮನೆ ನಿಂತಿರುತ್ತದೆ. ಬೋಲ್ಟಿನ ಮೇಲೆ ಬೀಳುವುದು ಸುಮಾರು 10 ಸೆಂಟಿಮೀಟರ್ ಎತ್ತರದ ಎಣ್ಣೆಯ ಭಾರ ಮಾತ್ರ. ಲೆಕ್ಕ ಹಾಕಿದರೆ ಅದು ಕುಕ್ಕರಿನ ಒಳಗಿನ ಒತ್ತಡದ ಸುಮಾರು ನೂರನೇ ಒಂದು ಭಾಗ. ಅಷ್ಟು ಸಣ್ಣ ಒತ್ತಡ ತಡೆಯಲು ಭೀಮಬಲ ಬೇಡ. ಮೆತ್ತನೆಯ ಹೊಸ ವಾಷರ್ ಇದ್ದರೆ ಸಾಕು.

30 ಪೌಂಡ್-ಫೂಟ್ ಅಂದರೆ ಎಷ್ಟು?

ಎಷ್ಟು ಬಿಗಿ ಮಾಡಬೇಕೆಂದು ಕಾರಿನ ಕಂಪನಿಯೇ ಹೇಳಿರುತ್ತದೆ. ಇದಕ್ಕೆ ಟಾರ್ಕ್ ಎನ್ನುತ್ತಾರೆ. ಹಲವು ಹೋಂಡಾ, ಟೊಯೋಟಾ, ಸುಬಾರು ಕಾರುಗಳಲ್ಲಿ ಇದು ಸುಮಾರು 30 ಪೌಂಡ್-ಫೂಟ್. ಮೆಟ್ರಿಕ್ ಅಳತೆಯಲ್ಲಿ ಸುಮಾರು 40 ನ್ಯೂಟನ್ ಮೀಟರ್. ನಿಮ್ಮ ಕಾರಿನ ನಿಖರ ಅಂಕಿಯನ್ನು ಅದರ ಮ್ಯಾನುಯಲ್‌ನಲ್ಲೇ ನೋಡಿ, ನನ್ನ ಮಾತು ನಂಬಿ ಬಿಗಿ ಮಾಡಬೇಡಿ.

ಮಿಡ್ಲ್ ಸ್ಕೂಲಿನವರೇ, ಇದನ್ನು ಹೀಗೆ ಅರ್ಥ ಮಾಡಿಕೊಳ್ಳಿ. ಒಂದು ಅಡಿ ಉದ್ದದ ವ್ರೆಂಚಿನ ತುದಿಯಲ್ಲಿ 30 ಪೌಂಡ್ ಭಾರ ನೇತು ಹಾಕಿದರೆ ಬೋಲ್ಟಿನ ಮೇಲೆ ಬೀಳುವ ತಿರುಚು ಬಲ 30 ಪೌಂಡ್-ಫೂಟ್. ಇಂಡಿಯನ್ ಸ್ಟೋರಿನಲ್ಲಿ ಸಿಗುವ 20 ಪೌಂಡಿನ ಸೋನಾ ಮಸೂರಿ ಚೀಲ ಇದೆಯಲ್ಲ, ಅಂಥ ಒಂದೂವರೆ ಚೀಲದ ಭಾರ. ವ್ರೆಂಚ್ ಎರಡು ಅಡಿ ಉದ್ದವಿದ್ದರೆ 15 ಪೌಂಡ್ ಒತ್ತಿದರೂ ಅದೇ ಪರಿಣಾಮ. ಆ ಎರಡು ಅಡಿಯ ಸರಳಿಗೆ ಒಬ್ಬರು ಮೈಭಾರ ಹಾಕಿ 60 ಪೌಂಡ್ ಒತ್ತಿದರು ಅನ್ನಿ. 120 ಪೌಂಡ್-ಫೂಟ್ ಆಯಿತು, ಬೇಕಾದ್ದಕ್ಕಿಂತ ನಾಲ್ಕು ಪಟ್ಟು! ಒತ್ತಿದವರಿಗೆ ಅದೇನೂ ದೊಡ್ಡ ಶ್ರಮ ಅನ್ನಿಸುವುದಿಲ್ಲ. ಥ್ರೆಡ್ ಕಿತ್ತುಬರುವುದು ಹೀಗೆ, ಸದ್ದಿಲ್ಲದೆ.

ಹಾಗಂತ ಸಡಿಲವಾಗಿ ಬಿಡುವುದೂ ಅಪಾಯವೇ. ಸರಿಯಾಗಿ ಬಿಗಿಯಾದ ಬೋಲ್ಟ್ ಒಳಗೊಳಗೇ ಸ್ಪ್ರಿಂಗಿನಂತೆ ತುಸು ಎಳೆದುಕೊಂಡಿರುತ್ತದೆ. ಆ ಎಳೆತವೇ ಅದನ್ನು ಜಾಗದಲ್ಲಿ ಇಡುವುದು. ಸಡಿಲ ಬೋಲ್ಟ್ ಇಂಜಿನ್ನಿನ ನಡುಕಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳಬಹುದು. ಹೈವೇ ಮೇಲೆ ಅದು ಬಿದ್ದುಹೋದರೆ ಎಣ್ಣೆಯೆಲ್ಲ ರಸ್ತೆ ಪಾಲು. ಎಣ್ಣೆಯಿಲ್ಲದ ಇಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ. ಆದ್ದರಿಂದ ಟಾರ್ಕ್ ವ್ರೆಂಚ್ ಬಳಸಿ. ಅಂಕಿ ಹೊಂದಿಸಿ ತಿರುಗಿಸಿದರೆ ಬೇಕಾದ ಬಿಗಿ ಬಂದಾಗ ‘ಟಕ್’ ಎನ್ನುತ್ತದೆ. ಟಕ್ ಎಂದ ಮೇಲೆ ನಿಲ್ಲಿಸಿ. “ಇರಲಿ, ಇನ್ನೊಂದು ಸ್ವಲ್ಪ” ಬೇಡ. ಕೊಳ್ಳಲು ಇಷ್ಟವಿಲ್ಲದಿದ್ದರೆ, ಇಲ್ಲಿನ ಹಲವು ಆಟೋ ಪಾರ್ಟ್ಸ್ ಅಂಗಡಿಗಳು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ.

ಯಾವ ಕಾರಿಗೆ ಯಾವ ವಾಷರ್?

ಎಲ್ಲ ಕಾರಿಗೂ ಒಂದೇ ವಾಷರ್ ಆಗುವುದಿಲ್ಲ. ಹೋಂಡಾದಲ್ಲಿ ಸಾಮಾನ್ಯವಾಗಿ ಚಪ್ಪಟೆಯಾದ ಅಲ್ಯೂಮಿನಿಯಮ್ ವಾಷರ್, 14 ಮಿಲಿಮೀಟರ್ ಬೋಲ್ಟಿನದು. ಹಲವು ಟೊಯೋಟಾಗಳಲ್ಲಿ 12 ಮಿಲಿಮೀಟರಿನದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ ಮನೆಯಲ್ಲಿ ಎರಡೂ ಕಂಪನಿಯ ಕಾರುಗಳಿದ್ದರೆ ವಾಷರ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ. ನಮ್ಮ ಮನೆಯಲ್ಲಿ ತೊಳೆದ ಉಪ್ಪಿನಕಾಯಿ ಬಾಟಲಿಗಳಲ್ಲಿ ಇಟ್ಟು ಮೇಲೆ ಕಾರಿನ ಹೆಸರು ಬರೆದಿದ್ದೇವೆ.

ಹಲವು ಸುಬಾರು ಕಾರುಗಳಲ್ಲಿ ತಗಡು ಮಡಿಸಿ ಮಾಡಿದ, ಒಳಗೆ ಟೊಳ್ಳಾದ ವಾಷರ್ ಬರುತ್ತದೆ. ಬಿಗಿ ಮಾಡಿದಾಗ ಆ ಟೊಳ್ಳು ಕುಸಿದು ಕೂರುವುದು ಕೈಗೇ ಗೊತ್ತಾಗುತ್ತದೆ. ಯುರೋಪಿನ ಹಲವು ಕಾರುಗಳಲ್ಲಿ ತಾಮ್ರದ ವಾಷರ್ ಇರುತ್ತದೆ. ತಾಮ್ರವನ್ನು ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ, ಹಳಬರು ಹಾಗೆ ಮಾಡಿ ಮತ್ತೆ ಬಳಸುವುದೂ ಉಂಟು. ಹೊಸದು ಅಗ್ಗಕ್ಕೆ ಸಿಗುವಾಗ ನಮಗೆ ಆ ಸಾಹಸ ಬೇಡ. ಇನ್ನು ಫೋರ್ಡ್, ಜಿಎಂ ಕಂಪನಿಗಳ ಹಲವು ಕಾರುಗಳಲ್ಲಿ ಬೋಲ್ಟಿಗೇ ರಬ್ಬರ್ ಉಂಗುರ ಸೇರಿಕೊಂಡಿರುತ್ತದೆ. ರಬ್ಬರ್ ಬಿರುಕು ಬಿಟ್ಟಿಲ್ಲ, ಗಟ್ಟಿಯಾಗಿಲ್ಲ ಎಂದರೆ ಅದನ್ನು ಮತ್ತೆ ಬಳಸಬಹುದು. ಕೆಲವು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ವಾಷರ್ ಬೋಲ್ಟಿನಿಂದ ಬೇರೆಯಾಗುವುದೇ ಇಲ್ಲ, ಬೋಲ್ಟನ್ನೇ ಬದಲಾಯಿಸಬೇಕು. “ನಮ್ಮದು ಟೆಸ್ಲಾ” ಎನ್ನುವ ಮಕ್ಕಳೇ, ನಿಮ್ಮ ಕಾರಿನಲ್ಲಿ ಇಂಜಿನ್ನೂ ಇಲ್ಲ, ಇಂಜಿನ್ ಆಯಿಲ್ಲೂ ಇಲ್ಲ. ನೀವು ಅಜ್ಜಿಯ ಮನೆಯ ನಲ್ಲಿ ನೋಡಿಕೊಳ್ಳಿ!

ಕಾರಿನ ಕೆಳಗೆ ಹೋಗುವ ಮೊದಲು

ಇದು ಈ ಅಂಕಣದ ಅತಿ ಮುಖ್ಯ ಭಾಗ. ದಯವಿಟ್ಟು ಹಾರಿಸಬೇಡಿ.

ಜಾಕ್ ಇರುವುದು ಕಾರನ್ನು ಎತ್ತಲು ಮಾತ್ರ. ಎತ್ತಿದ ಕಾರನ್ನು ಹಿಡಿದಿಡುವುದು ಜಾಕ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬಾರದು, ಬಿದ್ದ ವಾಷರ್ ಎತ್ತಿಕೊಳ್ಳುವುದಕ್ಕೂ ಹಾಕಬಾರದು. ಸಿಮೆಂಟ್ ಬ್ಲಾಕ್, ಇಟ್ಟಿಗೆ ಇಡುವುದು ಇನ್ನೂ ಅಪಾಯ, ಅವು ಸೂಚನೆಯೇ ಕೊಡದೆ ಪುಡಿಯಾಗಬಹುದು.

ಸಮತಟ್ಟಾದ, ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ. ಪಾರ್ಕ್‌ನಲ್ಲಿಟ್ಟು ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಮುಂಭಾಗ ಎತ್ತುವುದಾದರೆ ಹಿಂದಿನ ಚಕ್ರಗಳಿಗೆ ತಡೆ ಇಡಿ. ಜಾಕ್ ಎಲ್ಲಿ ಇಡಬೇಕು, ಸ್ಟ್ಯಾಂಡ್ ಎಲ್ಲಿ ಇಡಬೇಕು ಎಂಬುದು ಮ್ಯಾನುಯಲ್‌ನಲ್ಲಿದೆ. ಸ್ಟ್ಯಾಂಡ್ ಇಟ್ಟ ಮೇಲೆ ಹೊರಗೆ ನಿಂತು ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಅಲ್ಲಾಡಿ ಬೀಳುವುದಿದ್ದರೆ ಆಗಲೇ ಬೀಳಲಿ. ಡ್ರೈವ್ ಆನ್ ರ‍್ಯಾಂಪ್ ಇದ್ದರೆ ಇನ್ನೂ ಸುಲಭ.

ಮಕ್ಕಳು ಒಬ್ಬರೇ ಇದನ್ನು ಮಾಡಬಾರದು. ನನಗೆ 16 ವರ್ಷ, ಲೈಸೆನ್ಸ್ ಕಲಿಯುತ್ತಿದ್ದೇನೆ, ಆದರೂ ಅಪ್ಪ ಪಕ್ಕದಲ್ಲಿಲ್ಲದೆ ಕಾರಿನ ಕೆಳಗೆ ಹೋಗುವುದಿಲ್ಲ. ಚಿಕ್ಕವರು ಟಾರ್ಚ್ ಹಿಡಿಯಬಹುದು, ಮ್ಯಾನುಯಲ್ ಓದಿ ಹೇಳಬಹುದು, ಸಾಮಾನು ಎಣಿಸಬಹುದು. ಅದು ಸಣ್ಣ ಕೆಲಸವಲ್ಲ. ಹೊಸ ವಾಷರ್, ಹೊಸ ಫಿಲ್ಟರ್, ಸರಿಯಾದ ಆಯಿಲ್ ಕೈಯಲ್ಲಿವೆಯೇ ಎಂದು ನೋಡದೆ ಹಳೆಯ ಎಣ್ಣೆ ಇಳಿಸಿಬಿಟ್ಟರೆ, ಅಂಗಡಿಗೆ ಹೋಗಲು ಕಾರೇ ಇರುವುದಿಲ್ಲ!

ಎಣ್ಣೆ ಇಳಿಸುವುದು

ತಣ್ಣಗಿನ ಎಣ್ಣೆ ಮಂದ, ಬೆಚ್ಚಗಿನ ಎಣ್ಣೆ ತೆಳು. ತುಪ್ಪ ನೋಡಿದವರಿಗೆ ಹೇಳಬೇಕಿಲ್ಲ. ಎತ್ತುವ ಮೊದಲು ಇಂಜಿನ್ ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ. ಎಣ್ಣೆ ಚೆನ್ನಾಗಿ ಹರಿಯುತ್ತದೆ, ಕೊಳೆಯೂ ಜೊತೆಗೇ ಬರುತ್ತದೆ. ದೂರ ಪ್ರಯಾಣ ಮಾಡಿ ಬಂದ ಕೂಡಲೇ ಮಾತ್ರ ಬಿಚ್ಚಬೇಡಿ. ಆಗ ಎಣ್ಣೆ, ಎಕ್ಸಾಸ್ಟ್ ಪೈಪ್ ಎರಡೂ ಕೈ ಸುಡುತ್ತವೆ.

ಬಾನೆಟ್ ತೆರೆದು ಮೇಲಿನ ಆಯಿಲ್ ಮುಚ್ಚಳ ತೆಗೆಯಿರಿ. ಮೇಲಿಂದ ಗಾಳಿ ಒಳಗೆ ಹೋದರೆ ಕೆಳಗಿಂದ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಕೈಗವಸು ಹಾಕಿಕೊಳ್ಳಿ.

ಈಗ ಬೋಲ್ಟ್ ಹುಡುಕಬೇಕು. ಇಲ್ಲಿ ನಿಧಾನ. ಇಂಜಿನ್ ಪಕ್ಕದಲ್ಲೇ ಗೇರ್‌ಬಾಕ್ಸಿಗೂ ಅಂಥದ್ದೇ ಡ್ರೈನ್ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಮೇಲಿಂದ ಇಂಜಿನ್ನಿಗೆ ಇನ್ನೊಂದು ಸುತ್ತು ಎಣ್ಣೆ ತುಂಬಿದರೆ ಎರಡೂ ಕೆಡುತ್ತವೆ. ಮ್ಯಾನುಯಲ್‌ನ ಚಿತ್ರಕ್ಕೂ ಕಣ್ಣೆದುರಿನ ಬೋಲ್ಟಿಗೂ ತಾಳೆ ಹಾಕಿ ನೋಡಿಯೇ ವ್ರೆಂಚ್ ಇಡಿ.

ಆರು ಮೂಲೆಯ ಸಾಕೆಟ್ ಬಳಸಿ, ಬೋಲ್ಟಿನ ತಲೆ ಸವೆಯುವುದಿಲ್ಲ. ಮಲಗಿಕೊಂಡಾಗ ಎಡಬಲ ಗೊಂದಲವಾಗುವುದು ಸಹಜ. ಬೋಲ್ಟಿನ ತಲೆಯನ್ನು ಗಡಿಯಾರದ ಮುಖ ಎಂದುಕೊಂಡು ಮುಳ್ಳು ಹೋಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ. ಒಮ್ಮೆ ಸಡಿಲವಾದ ಮೇಲೆ ಬೆರಳಿನಲ್ಲೇ ಬಿಚ್ಚಿ. ಬಿಚ್ಚುವಾಗ ಬೋಲ್ಟನ್ನು ಒಳಗೆ ಒತ್ತಿ ಹಿಡಿದುಕೊಂಡು, ಕೊನೆಯ ಸುತ್ತು ಮುಗಿದ ಕೂಡಲೇ ಪಕ್ಕಕ್ಕೆ ಎಳೆದುಬಿಡಿ. ಇಲ್ಲದಿದ್ದರೆ ಬೋಲ್ಟ್ ಕಪ್ಪು ಎಣ್ಣೆಯ ಬಕೆಟ್ಟಿಗೆ ಬೀಳುತ್ತದೆ, ಅಲ್ಲಿ ಕೈಯಾಡಿಸಿ ಹುಡುಕುವ ಭಾಗ್ಯ ನಿಮ್ಮದು.

ಬೋಲ್ಟ್ ಅಡ್ಡಲಾಗಿದ್ದರೆ ಎಣ್ಣೆ ನೇರವಾಗಿ ಕೆಳಗೆ ಬೀಳದೆ ಮುಂದಕ್ಕೆ ಚಿಮ್ಮುತ್ತದೆ. ಅಷ್ಟು ದೂರಕ್ಕೆ ಚಿಮ್ಮುತ್ತದೆ ಎಂದು ಯಾರೂ ಎಣಿಸಿರುವುದಿಲ್ಲ, ಹೊಸಬರ ಡ್ರೈವ್‌ವೇ ಕಪ್ಪಾಗುವುದು ಇಲ್ಲೇ. ಇದಕ್ಕೊಂದು ನಿಯಮವಿದೆ, ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲಿ ಹೇಳಿದ್ದು. ತೂತಿನಿಂದ ಹೊರಬರುವ ದ್ರವದ ವೇಗ ಅದರ ಮೇಲಿರುವ ಎತ್ತರದ ವರ್ಗಮೂಲವನ್ನು ಅವಲಂಬಿಸಿದೆ. ತೂತಿನ ಮೇಲೆ 10 ಸೆಂಟಿಮೀಟರ್ ಎಣ್ಣೆ ಇದ್ದರೆ ವೇಗ ಸೆಕೆಂಡಿಗೆ ಹೆಚ್ಚೆಂದರೆ 1.4 ಮೀಟರ್. ಎಣ್ಣೆ ಕಾಲು ಭಾಗಕ್ಕೆ ಇಳಿದಾಗ ವೇಗ ಅರ್ಧವಾಗುತ್ತದೆ. ಎಣ್ಣೆ ಮಂದವಾದ್ದರಿಂದ ನಿಜವಾದ ವೇಗ ಇನ್ನೂ ಕಡಿಮೆ. ನಮಗೆ ಬೇಕಾದ್ದು ಇಷ್ಟೇ: ಡ್ರೈನ್ ಪ್ಯಾನನ್ನು ಮೊದಲು ಸ್ವಲ್ಪ ದೂರಕ್ಕೆ ಇಡಿ, ಧಾರೆ ಸೋತು ಹಿಂದೆ ಸರಿದ ಹಾಗೆ ಪ್ಯಾನನ್ನೂ ಹಿಂದಕ್ಕೆ ಸರಿಸಿ. ಗಾಳಿ ಜೋರಾಗಿದ್ದರೆ ಕೊನೆಯ ಸಣ್ಣ ಧಾರೆ ಹಾರಿಹೋಗುತ್ತದೆ, ಗ್ಯಾರೇಜಿನ ಒಳಗೇ ಮಾಡುವುದು ಮೇಲು.

ಧಾರೆ ಹನಿಯಾಗುವವರೆಗೆ ಕಾಯಿರಿ. ಹತ್ತು ಹದಿನೈದು ನಿಮಿಷ ಸಾಕು. ಕೊನೆಯ ಹನಿಗೂ ಕಾಯುತ್ತೇನೆ ಎಂದರೆ ಸಂಜೆಯಾದೀತು, ಹೇಗಿದ್ದರೂ ಇಂಜಿನ್ನಿನ ಒಳಗೆ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ.

ಹೊಸ ವಾಷರ್ ಕೂರಿಸುವುದು

ಮೊದಲು ಹಳೆಯ ವಾಷರ್ ಎಲ್ಲಿದೆ ಎಂದು ನೋಡಿ. ಬೋಲ್ಟಿನ ಮೇಲೆ ಇಲ್ಲದಿದ್ದರೆ ಅದು ಆಯಿಲ್ ಪ್ಯಾನಿಗೇ ಅಂಟಿಕೊಂಡಿರಬಹುದು, ಅಥವಾ ಎಣ್ಣೆಯಲ್ಲಿ ಬಿದ್ದಿರಬಹುದು. ಅಂಟಿಕೊಂಡದ್ದನ್ನು ಗಮನಿಸದೆ ಅದರ ಮೇಲೆ ಹೊಸದನ್ನು ಹಾಕಿದರೆ ಒಂದರ ಮೇಲೊಂದು ಎರಡು ವಾಷರ್ ಆಗಿ ಸೋರಬಹುದು. ಹಳೆಯದು ಬೋಲ್ಟಿಗೆ ಬಿಗಿಯಾಗಿ ಕೂತಿದ್ದರೆ ಇಕ್ಕಳದಲ್ಲಿ ಹಿಡಿದು, ಬೋಲ್ಟಿನ ಥ್ರೆಡ್ ಮೇಲೆ ತಿರುಗಿಸುತ್ತಾ ಹೊರತೆಗೆಯಿರಿ.

ಬೋಲ್ಟಿನ ತಲೆಯ ಒಳಮುಖ ಮತ್ತು ಪ್ಯಾನಿನ ಮೇಲ್ಮೈ ಎರಡನ್ನೂ ಬಟ್ಟೆಯಿಂದ ಒರೆಸಿ. ಒಂದು ಮರಳಿನ ಕಣ ಸಾಕು ದಾರಿ ಮಾಡಿಕೊಡಲು. ಹೊಸ ವಾಷರ್ ತೊಡಿಸಿ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ ಎಂದರ್ಥ. ತೆಗೆದು ಮತ್ತೆ ಶುರು ಮಾಡಿ, ವ್ರೆಂಚ್ ಹಾಕಿ ಒತ್ತಾಯಿಸಬೇಡಿ. ಪೂರ್ತಿ ಕೂತ ಮೇಲೆ ಟಾರ್ಕ್ ವ್ರೆಂಚ್, ಟಕ್, ಮುಗಿಯಿತು. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವುದು, ಅಂಟು ಹಚ್ಚುವುದು ಬೇಡ. ಅದರ ಚೂರು ಒಳಗೆ ಹೋಗಿ ಎಣ್ಣೆಯ ದಾರಿಗೆ ಅಡ್ಡ ಬರಬಹುದು.

ಫಿಲ್ಟರಿಗೂ ಇದೇ ಎಚ್ಚರ. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರವೂ ಜೊತೆಗೇ ಬಂದಿದೆಯೇ ನೋಡಿ. ಅದು ಇಂಜಿನ್ನಿಗೆ ಅಂಟಿಕೊಂಡು ಎರಡು ಉಂಗುರವಾದರೆ, ಅಲ್ಲಿ ನಿಜವಾದ ಒತ್ತಡ ಇರುವುದರಿಂದ ಎಣ್ಣೆ ರಭಸವಾಗಿ ಹೊರಬರುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಸ್ವಲ್ಪ ಹೊಸ ಎಣ್ಣೆ ಸವರಿ ಹಾಕಿ.

ಸೋರುತ್ತಿದೆಯೇ? ಯಾವ ಪದ ಹೇಳುತ್ತೀರಿ?

ಮ್ಯಾನುಯಲ್ ಹೇಳಿದ ದರ್ಜೆಯ ಎಣ್ಣೆಯನ್ನು, ಹೇಳಿದ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ. ಇಂಜಿನ್ ಶುರು ಮಾಡಿ ಒಂದು ನಿಮಿಷ ಓಡಿಸಿ. ಕೆಂಪು ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಿ. ಕಾರನ್ನು ಕೆಳಗಿಳಿಸಿ, ಸಮತಟ್ಟಿನಲ್ಲಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದಷ್ಟು ತುಂಬಿ.

ಕಾರಿನಡಿ ಒಂದು ಹಳೆಯ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಏನು ಕಂಡಿತು ಎಂದು ಹೇಳಲು ಕನ್ನಡದಲ್ಲಿ ಚಂದದ ಪದಗಳಿವೆ. ಬೋಲ್ಟಿನ ಸುತ್ತ ಬರೀ ಒದ್ದೆಯಾಗಿದ್ದರೆ ‘ಜಿನುಗುತ್ತಿದೆ’. ರಟ್ಟಿನ ಮೇಲೆ ಚುಕ್ಕೆ ಬಿದ್ದಿದ್ದರೆ ‘ತೊಟ್ಟಿಕ್ಕುತ್ತಿದೆ’. ನಿಲ್ಲದೆ ಹನಿಯುತ್ತಿದ್ದರೆ ‘ಸೋರುತ್ತಿದೆ’. ಧಾರೆಯಾದರೆ ‘ಸುರಿಯುತ್ತಿದೆ’, ಆಗ ಕಾರು ತೆಗೆಯಲೇಬೇಡಿ. ಜಿನುಗಿದಂತೆ ಕಂಡರೆ ಮೊದಲು ಒರೆಸಿ ಮತ್ತೊಂದು ದಿನ ನೋಡಿ, ಹಿಂದಿನ ದಿನ ಚೆಲ್ಲಿದ ಎಣ್ಣೆಯೂ ಇರಬಹುದು. ಮತ್ತೆ ಒದ್ದೆಯಾದರೆ ಟಾರ್ಕ್ ಸರಿಯಿದೆಯೇ ಪರೀಕ್ಷಿಸಿ. ಸರಿಯಿದ್ದೂ ಒದ್ದೆಯಾದರೆ ಉದ್ದನೆಯ ಸರಳು ಹುಡುಕಬೇಡಿ. ವಾಷರ್ ತಪ್ಪು ಗಾತ್ರದ್ದೇ, ಕೊಳೆ ಸಿಕ್ಕಿದೆಯೇ, ಮೇಲ್ಮೈ ಗೀರಿದೆಯೇ ಎಂದು ಹುಡುಕಿ. ಸೋರಿಕೆ ನಮಗೆ ಏನೋ ಹೇಳುತ್ತಿರುತ್ತದೆ. ಬಿಗಿ ಮಾಡಿ ಅದರ ಬಾಯಿ ಮುಚ್ಚಿಸಿದರೆ ಕಾರಣ ಅಲ್ಲೇ ಉಳಿಯುತ್ತದೆ.

ಹಳೆಯ ಎಣ್ಣೆ ಎಲ್ಲಿಗೆ?

ಚರಂಡಿಗಂತೂ ಅಲ್ಲ. ರಸ್ತೆ ಬದಿಯ ಮಳೆನೀರಿನ ಚರಂಡಿ ಹೆಚ್ಚಿನ ಊರುಗಳಲ್ಲಿ ಶುದ್ಧೀಕರಣವಿಲ್ಲದೆ ನೇರವಾಗಿ ಹಳ್ಳ, ನದಿ ಸೇರುತ್ತದೆ. ಒಂದು ಆಯಿಲ್ ಚೇಂಜ್‌ನ ಹಳೆಯ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಅದು 50 ಜನರಿಗೆ ಒಂದು ವರ್ಷಕ್ಕೆ ಬೇಕಾಗುವ ನೀರು. ಅದೇ ಎಣ್ಣೆಯನ್ನು ವಾಪಸ್ ಕೊಟ್ಟರೆ ಮತ್ತೆ ಶುದ್ಧ ಮಾಡಬಹುದು. ಎರಡೂವರೆ ಕ್ವಾರ್ಟ್ ಹೊಸ ಲೂಬ್ರಿಕೇಟಿಂಗ್ ಆಯಿಲ್ ಮಾಡಲು 42 ಗ್ಯಾಲನ್ ಕಚ್ಚಾ ತೈಲ ಬೇಕು, ಹಳೆಯ ಎಣ್ಣೆಯಾದರೆ ಒಂದೇ ಗ್ಯಾಲನ್ ಸಾಕು.

ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ ಮುಚ್ಚಿ. ಹಲವು ಆಟೋ ಪಾರ್ಟ್ಸ್ ಅಂಗಡಿಗಳು ಉಚಿತವಾಗಿ ತೆಗೆದುಕೊಳ್ಳುತ್ತವೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಅದರ ಜೊತೆ ಕೂಲಂಟ್, ಬ್ರೇಕ್ ಕ್ಲೀನರ್, ನೀರು ಬೆರೆಸಿದರೆ ತೆಗೆದುಕೊಳ್ಳುವುದಿಲ್ಲ. ಹಳೆಯ ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ, ಒಳಗಿನ ಎಣ್ಣೆಯೂ ಇಳಿಯಲಿ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

“ಮನೆಯಲ್ಲಿ ಮಾಡಿದರೆ ವಾರಂಟಿ ಹೋಗುತ್ತದಂತೆ” ಎಂದು ಹಲವರು ಹೇಳುತ್ತಾರೆ. ಹೋಗುವುದಿಲ್ಲ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ನೀವೇ ಆಯಿಲ್ ಬದಲಾಯಿಸಿದಿರಿ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಸರಿಯಾದ ಆಯಿಲ್ ಹಾಕಿದ್ದಕ್ಕೆ ದಾಖಲೆ ಮಾತ್ರ ಇರಲಿ. ನಮ್ಮಲ್ಲಿ ಅಮ್ಮ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ತಾರೀಖು, ಮೈಲಿ, ಆಯಿಲ್ ದರ್ಜೆ, ಫಿಲ್ಟರ್, ‘ಹೊಸ ವಾಷರ್: ಹೌದು’ ಎಂದು ಬರೆದು ರಸೀದಿ ಅಂಟಿಸುತ್ತಾರೆ.

ಮನೆಯಲ್ಲಿ ಮಾಡುವ ಮನಸ್ಸಿಲ್ಲದಿದ್ದರೂ ಈ ಓದು ವ್ಯರ್ಥವಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಎರಡು ಪ್ರಶ್ನೆ ಕೇಳಿ: “ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕುತ್ತೀರಾ? ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡುತ್ತೀರಾ?” ನಮ್ಮವರು ತರಕಾರಿಯವನ ಹತ್ತಿರ ಬೆಂಡೆಕಾಯಿ ತುದಿ ಮುರಿದು ನೋಡುತ್ತಾರೆ, ಕಾರಿನ ಅಂಗಡಿಯಲ್ಲಿ ಮಾತ್ರ ಬಿಲ್ಲು ಕೊಟ್ಟು ಸುಮ್ಮನೆ ಬರುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ. ಬೇಕಿದ್ದರೆ ವಾಷರ್ ನೀವೇ ತೆಗೆದುಕೊಂಡು ಹೋಗಿ ಕೊಡಿ.

ಮಕ್ಕಳಿಗೆ ಈ ತಿಂಗಳ ಮನೆಗೆಲಸ: ನಿಮ್ಮ ಕಾರಿನ ಮ್ಯಾನುಯಲ್ ತೆರೆದು ಎಷ್ಟು ಆಯಿಲ್ ಹಿಡಿಯುತ್ತದೆ, ಯಾವ ದರ್ಜೆ ಎಂದು ಹುಡುಕಿ, ಕನ್ನಡ ಅಂಕಿಗಳಲ್ಲಿ ಬರೆದು ತನ್ನಿ. ಜಿನುಗು, ತೊಟ್ಟಿಕ್ಕು, ಸೋರು, ಸುರಿ, ಈ ನಾಲ್ಕು ಪದಗಳಿಗೂ ಒಂದೊಂದು ವಾಕ್ಯ ಮಾಡಿ. ಕಾರಿನ ಬಗ್ಗೆಯೇ ಇರಬೇಕೆಂದಿಲ್ಲ, ಮಳೆಯ ಬಗ್ಗೆಯೂ ಇರಬಹುದು.

ಮುಂದಿನ ತಿಂಗಳು ವೈಪರ್ ಬ್ಲೇಡ್ ನೋಡೋಣ. ಅಲ್ಲಿಯವರೆಗೆ ನಿಮ್ಮ ಗ್ಯಾರೇಜಿನ ನೆಲ ಒಣಗಿರಲಿ.